ಪೆಸ್ಟೊ ಅಕ್ಕನ ಮನೆಯ ಸದ್ದು

ಮೂರನೇ ಮಹಡಿಯ ಆ ಹೆಂಗಸನ್ನು ಕಟ್ಟಡದವರೆಲ್ಲ ಪೆಸ್ಟೊ ಅಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಕೇಳಿದರೆ ಯಾವುದೋ ದೊಡ್ಡ ಹೋಟೆಲಿನ ಒಡತಿ ಇರಬೇಕು ಅನ್ನಿಸುತ್ತದೆ. ಒಡತಿ ಗಿಡತಿ ಏನೂ ಅಲ್ಲ. ವಿಮಾ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ಕುಳ್ಳಗಿನ ಗಟ್ಟಿ ಆಳು, ಮಾತಿಗೆ ನಿಂತರೆ ಎದುರಿನವರ ಕೈಯಲ್ಲಿದ್ದ ಚಹಾ ಆರಿಹೋಗಬೇಕು. ಎಡಗೈಯ ಉಂಗುರದ ಬೆರಳು ಮಾತ್ರ ನೆಟ್ಟಗಾಗುತ್ತಿರಲಿಲ್ಲ. ಏನಾಯ್ತು ಎಂದು ಕೇಳಿದವರಿಗೆ, "ಒರಳಿಗೆ ಬೆರಳು ಕೊಟ್ಟೆ ಕಣ್ರೀ" ಎಂದು ನಗುತ್ತಿದ್ದಳು. ಸುಳ್ಳು. ಆ ಬೆರಳು ಮುರಿದವನು ಅವಳ ಗಂಡ. ಮುಂದೆ ಹೇಳುತ್ತೇನೆ ಎಂದು ಸತಾಯಿಸುವ ಬುದ್ಧಿ ನನಗಿಲ್ಲ, ಈಗಲೇ ಹೇಳಿಬಿಟ್ಟಿದ್ದೇನೆ.

ಗಂಡ ಲಿಫ್ಟ್ ರಿಪೇರಿಯವನು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಮಾತನ್ನು ಇವನನ್ನು ನೋಡಿಯೇ ಕಟ್ಟಿರಬೇಕು. ಎಲ್ಲಾದರೂ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಒಳಗಿದ್ದವರು ಕಿರುಚಿಕೊಂಡರೆ ಇವನು ಓಡಿಹೋಗಿ, "ಹೆದರ್ಬೇಡೀಮ್ಮಾ, ನಾನಿದ್ದೀನಿ" ಎಂದು ಬಾಗಿಲು ಮೀಟಿ, ಕೈಹಿಡಿದು ಹೊರಗೆಳೆದುಕೊಳ್ಳುತ್ತಿದ್ದ. ಮುದುಕಿಯರು ಅವನ ಗಲ್ಲ ಸವರಿ ಹರಸುತ್ತಿದ್ದರು. ಅದೇ ಕೈ ಮನೆಗೆ ಬಂದರೆ ಮೊದಲು ವಾಚು ಬಿಚ್ಚಿ ಫ್ರಿಜ್ಜಿನ ಮೇಲಿಡುತ್ತಿತ್ತು. ವಾಚು ಒಡೆಯಬಾರದಲ್ಲ! ಆಮೇಲೆ ಕಿಟಕಿ ಮುಚ್ಚುವುದು, ಆಮೇಲೆ ಬಾಗಿಲು. ಕೊನೆಗೆ ಚಿಲಕ.

ಕಾರಣ ಬೇಕೆ? ಊಟ ಬಿಸಿಯಿದ್ದರೂ ಏಟು, ಆರಿದ್ದರೂ ಏಟು. ಮಾತಾಡಿದರೆ ಎದುರುತ್ತರ, ಸುಮ್ಮನಿದ್ದರೆ ಕೊಬ್ಬು. ಮದುವೆಯಾದ ಹೊಸತರಲ್ಲಿ ಅವಳು ತವರಿಗೆ ಹೋಗಿ ಬೆನ್ನು ತೋರಿಸಿದ್ದಳು. ತಾಯಿ ನೋಡಿ, ಎಣ್ಣೆ ಹಚ್ಚಿ, "ಒರಳಲ್ಲಿ ತಲೆ ಇಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದ್ರೆ ಆಗುತ್ತಾ ಮಗಳೇ" ಎಂದು ವಾಪಸು ಕಳಿಸಿದಳು. ಆಹಾ, ಎಂಥ ಗಾದೆ! ತಲೆ ಇಟ್ಟವರು ಯಾರು, ಇಡಿಸಿದವರು ಯಾರು ಎಂದು ಆ ತಾಯಿಯನ್ನು ಕೇಳುವವರು ಯಾರೂ ಇರಲಿಲ್ಲ. ಆಮೇಲೆ ಇವಳು ಬೆನ್ನನ್ನು ಯಾರಿಗೂ ತೋರಿಸಲಿಲ್ಲ.

ಇನ್ನು ಪೆಸ್ಟೊ ಈ ಮನೆಗೆ ಬಂದ ಬಗೆ. ಕ್ಯಾಂಟೀನಿನಲ್ಲಿ ಕಲ್ಲಿನ ಒರಳೊಂದಿತ್ತು, ತೋಳು ತುಂಬುವಷ್ಟು ದಪ್ಪದ್ದು. ಅಂಚು ಒಡೆಯಿತೆಂದು ಅದನ್ನು ಬಿಸಾಡಲು ಹೊರಟಿದ್ದರು. ಅಯ್ಯೋ ಎಂದು ಇವಳು ಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು. ಒಂದು ರಜೆಯ ದಿನ ಬೇಸಿಲ್ ಸೊಪ್ಪಿನ ಕಟ್ಟು ತಂದು, ಅದನ್ನು ಕುಟ್ಟಿ ಪೆಸ್ಟೊ ಎಂಬ ಹಸಿರು ಚಟ್ನಿ ಮಾಡಿ, ಮಗಳಿಗೆ ಪಾಸ್ತಾಕ್ಕೆ ಕಲಸಿಕೊಡುವ ಆಸೆಯಾಯಿತು. ಮಗಳು ಪುಟ್ಟಿಗೆ ಆಗ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಏನೇ ಮಾಡಿದರೂ ಬಟಾಣಿ ಇಲ್ಲದಿದ್ದರೆ ಬಾಯಿಗಿಡುತ್ತಿರಲಿಲ್ಲ. ಸರಿ, ಬಟಾಣಿಯೂ ಬಂತು. ಸೊಪ್ಪು ಬಿಡಿಸಿಟ್ಟುಕೊಂಡು ಒರಳಿನ ಮುಂದೆ ಕೂರಬೇಕು, ಅಷ್ಟರಲ್ಲಿ ಗಂಡ ಬಂದ.

"ಇದೇನು? ಹುಲ್ಲು ತಿನ್ನೋಕೆ ನಾನೇನು ದನಾನಾ?" ಎಂದ. ವಾಚು ಬಿಚ್ಚಿದ.

ಅವತ್ತಿನ ಹೊಡೆತ ಸಾಮಾನ್ಯದ್ದಲ್ಲ. ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. ಬಿದ್ದವಳ ಪಕ್ಕೆಗೆ ಒದ್ದ. ಏಳಲು ಅವಳು ಬೀರುವಿನ ಅಂಚು ಹಿಡಿದಾಗ, ಬೀರುವಿನ ಬಾಗಿಲನ್ನು ಆ ಕೈಯ ಮೇಲೆ ಹಾಕಿ ಒತ್ತಿದ. ಲಟಕ್ ಎಂದಿತು. ಅವಳು ಕೂಗಿದ ಕೂಗು ಮೇಲಿನ ಮನೆಗೂ ಕೇಳಿತು. ಮೇಲಿನ ಮನೆಯಲ್ಲಿದ್ದವಳು ಹೊಲಿಗೆ ಕೆಲಸದ ಟೈಲರಮ್ಮ, ಮಕ್ಕಳಿಲ್ಲದ ವಿಧವೆ. ಅವಳು ಇಳಿದುಬಂದು ಬಾಗಿಲು ತಟ್ಟಿದಳು.

"ಅಕ್ಕಾ, ಏನದು ಸದ್ದು?"

ಪೆಸ್ಟೊ ಅಕ್ಕ ಬಾಗಿಲನ್ನು ಗೇಣಗಲ ತೆರೆದಳು. ಬೆರಳು ಮುರಿದ ಕೈ ಬೆನ್ನ ಹಿಂದೆ. ಏನು ಹೇಳುವುದು? ಕಣ್ಣಿಗೆ ಬಿದ್ದದ್ದು ಮೂಲೆಯ ಒರಳು. "ಪೆಸ್ಟೊ ಕುಟ್ತಾ ಇದ್ವಿ ಟೈಲರಮ್ಮ. ಹೊಸ ಅಡುಗೆ" ಎಂದು ನಕ್ಕಳು.

"ಓ, ಹಾಗಾದ್ರೆ ನಮಗೂ ಒಂಚೂರು ರುಚಿ ತೋರ್ಸಿ" ಎಂದು ಟೈಲರಮ್ಮ ಹೋದಳು.

ಈಗ ಮಾಡದೆ ವಿಧಿಯಿಲ್ಲವಲ್ಲ! ಸುಳ್ಳು ಹೇಳಿದ ಮೇಲೆ ಸುಳ್ಳಿಗೆ ಅಡುಗೆ ಮಾಡಿ ಬಡಿಸಬೇಕು. ಮುರಿದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವಳು ಒರಳಿನ ಮುಂದೆ ಕೂತಳು. ಬೆಳ್ಳುಳ್ಳಿಗೆ ಕಲ್ಲುಪ್ಪು ಹಾಕಿ ನುಣ್ಣಗೆ ಅರೆದಳು. ಬಾದಾಮಿ ಕುಟ್ಟಿದಳು. ಬೇಸಿಲ್ ಎಲೆಯನ್ನು ಹಿಡಿಹಿಡಿಯಾಗಿ ಹಾಕಿ, ಒರಳಿನ ಗೋಡೆಗೆ ಒತ್ತಿ ಒತ್ತಿ ತಿರುವಿದಳು. ಚೀಸ್ ತುರಿ, ಆಲಿವ್ ಎಣ್ಣೆ. ಪಾಸ್ತಾ ಬೇಯುತ್ತಿದ್ದ ನೀರಿಗೆ ಕೊನೆ ಗಳಿಗೆಯಲ್ಲಿ ಬಟಾಣಿ ಸುರಿದು, ಎರಡನ್ನೂ ಒಟ್ಟಿಗೆ ಬಸಿದು, ಒಲೆ ಆರಿಸಿ, ಒಂದು ಸೌಟು ಪಾಸ್ತಾ ನೀರಿನ ಜೊತೆ ಪೆಸ್ಟೊ ಕಲಸಿದಳು. ಉರಿಯ ಮೇಲೆ ಕಲಸಿದರೆ ಹಸಿರು ಕಪ್ಪಾಗುತ್ತದೆ, ಅಷ್ಟು ನೋವಿನಲ್ಲೂ ಅದನ್ನು ಮರೆಯಲಿಲ್ಲ. ಒಂದು ಬಟ್ಟಲು ಮೇಲಿನ ಮನೆಗೆ ಹೋಯಿತು. ಬಟ್ಟಲು ತೊಳೆದು ವಾಪಸು ಕೊಡುತ್ತ ಟೈಲರಮ್ಮ, "ಎಷ್ಟು ಚೆನ್ನಾಗಿತ್ತಕ್ಕ" ಎಂದಳು.

ಅಲ್ಲಿಂದ ಅದೇ ಪದ್ಧತಿಯಾಯಿತು. ಮನೆಯಲ್ಲಿ ಏಟು ಬಿದ್ದ ದಿನ ಅಕ್ಕಪಕ್ಕದವರಿಗೆ ಪೆಸ್ಟೊ. ಬೇಸಿಲ್ ಸಿಗದಿದ್ದರೆ ಬಟಾಣಿಯನ್ನೇ ಕುಟ್ಟಿ, ಪುದೀನ ಸೇರಿಸಿ ಮಾಡಿದ ಪೆಸ್ಟೊ. ಎದುರು ಮನೆಗೊಂದು ಬಟ್ಟಲು, ಕೆಳಮನೆಗೊಂದು ಬಟ್ಟಲು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇಲ್ಲಿ ಜಗಳ ಇವರದು, ಉಂಡವರು ಕಟ್ಟಡದವರು! ಕೈ ಪಳಗಿ ಪಳಗಿ ರುಚಿ ಏರಿತು, ಹೆಸರು ಬಿತ್ತು. ಒಮ್ಮೆ ಗಂಡ ಪರವೂರಿನ ಕೆಲಸಕ್ಕೆ ಹೋಗಿ ಮನೆ ಕೆಲವು ವಾರ ನೆಮ್ಮದಿಯಾಗಿತ್ತು. ಆಗ ಟೈಲರಮ್ಮ ಮೆಟ್ಟಿಲ ಮೇಲೆ ಸಿಕ್ಕು, "ಏನಕ್ಕ, ಬಹಳ ದಿನ ಆಯ್ತು, ಪೆಸ್ಟೊನೇ ಮಾಡ್ಲಿಲ್ಲ?" ಎಂದಳು. "ಮಾಡೋಣ ಬಿಡಿ, ಎಲ್ಲಿ ಹೋಗುತ್ತೆ" ಎಂದು ಇವಳು ನಕ್ಕಳು.

ಮಗಳ ವಿಷಯ ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ. ಚಿಲಕ ಬಿದ್ದ ಕೂಡಲೇ ಪೆಸ್ಟೊ ಅಕ್ಕ, "ಪುಟ್ಟೀ, ಹೋಗು ಒರಳು ಕುಟ್ಟು. ಜೋರಾಗಿ ಕುಟ್ಟು ಕಂದ" ಎನ್ನುತ್ತಿದ್ದಳು. ಮಗು ನೋಡಬಾರದು, ಜನ ಕೇಳಬಾರದು, ಎರಡಕ್ಕೂ ಒಂದೇ ಮದ್ದು ಎಂದು ಅವಳ ಲೆಕ್ಕ. ಪುಟ್ಟಿ ಗೋಡೆಯ ಕಡೆ ಮುಖ ಮಾಡಿ ಕೂತು, ಎರಡೂ ಕೈಯಲ್ಲಿ ಗಿಡ್ಡ ಒನಕೆ ಎತ್ತಿ ಕುಟ್ಟುತ್ತಿದ್ದಳು. ಎಷ್ಟೋ ಸಲ ಒರಳಿನಲ್ಲಿ ಏನೂ ಇರುತ್ತಿರಲಿಲ್ಲ, ಬರೀ ಕಲ್ಲು. ಹಿಂದೆ ಅಪ್ಪನ ಕೈ, ಮುಂದೆ ಒನಕೆ. ಅಪ್ಪ ಸುಸ್ತಾಗಿ ವಾಚು ಕಟ್ಟಿಕೊಂಡ ಮೇಲೆ ತಾಯಿ ಎದ್ದು ಬಂದು ಅವಳ ಕೈಯಿಂದ ಒನಕೆ ಬಿಡಿಸುತ್ತಿದ್ದಳು.

ಪೆಸ್ಟೊ ಅಕ್ಕನಿಗೆ ಇದ್ದ ಆಸೆ ಒಂದೇ. ತನ್ನ ಬಾಳು ಹೇಗೋ ಹಾಳಾಯಿತು, ಮಗಳ ಮೈಮೇಲೆ ಮಾತ್ರ ಯಾರ ಕೈಯೂ ಬೀಳಬಾರದು. ಅದಕ್ಕೇ ಅಳಿಯನನ್ನು ಹುಡುಕುವಾಗ ಅವಳು ಸಂಬಳ ನೋಡಲಿಲ್ಲ, ರೂಪ ನೋಡಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ, ದನಿ ಎಷ್ಟು ಮೆತ್ತಗೆ ಎಂದರೆ ಪಕ್ಕದಲ್ಲಿ ಕೂತವರೂ ಕಿವಿಗೊಡಬೇಕು. ಆದರೂ ಪರೀಕ್ಷೆ ಮಾಡಿಯೇ ಬಿಡೋಣ ಎಂದು ಮೊದಲ ಸಲ ಊಟಕ್ಕೆ ಕರೆದ ದಿನ ಬಡಿಸುವ ನೆವದಲ್ಲಿ ಅವನ ಬಿಳಿ ಅಂಗಿಯ ಮೇಲೆ ಒಂದು ಸೌಟು ಪೆಸ್ಟೊ ಚೆಲ್ಲಿದಳು. ಬೇಕೆಂದೇ! ಹುಡುಗ ಒಂದು ಹುಬ್ಬನ್ನೂ ಗಂಟಿಕ್ಕಲಿಲ್ಲ. "ಪರವಾಗಿಲ್ಲ ಅತ್ತೆ, ಒಗೆದ್ರೆ ಹೋಗುತ್ತೆ" ಎಂದ. ಅವಳು ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಚಿನ್ನದಂಥ ಹುಡುಗ ಸಿಕ್ಕ ಎಂದುಕೊಂಡಳು.

ಮದುವೆಯಾಗಿ ವರ್ಷ ತುಂಬುವುದರೊಳಗೆ ಮಗಳ ಮನೆಯ ಮಾಲೀಕ, ಅವರ ಎದುರು ಮನೆಯಲ್ಲೇ ಇರುವ ಬಾಯಾಳಿ ತಾತ, ಏನೋ ಕೆಲಸಕ್ಕೆಂದು ವಿಮಾ ಕಚೇರಿಗೆ ಬಂದವನು ಕ್ಯಾಂಟೀನಿನಲ್ಲಿ ಊಟಕ್ಕೆ ನಿಂತ. ಗುರುತು ಹಿಡಿದು, "ಓಹೋ ಬೀಗಿತಿಯವರು!" ಎಂದು ತಮಾಷೆ ಮಾಡಿದ. ತಟ್ಟೆಯಲ್ಲಿ ಬಟಾಣಿ ಪಾಸ್ತಾ ನೋಡಿ ಅವನ ಬಾಯಿ ಇನ್ನೂ ಬಿಚ್ಚಿಕೊಂಡಿತು.

"ನೀವು ಏನೇ ಹೇಳಿ, ನಿಮ್ಮ ಮಗಳ ಕೈರುಚಿ ನಿಮಗಿಂತ ಒಂದು ಕೈ ಮೇಲೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು! ವಾರ ತಪ್ಪಿದ್ರೂ ಪೆಸ್ಟೊ ತಪ್ಪಲ್ಲ. ಕುಟ್ಟೋವಾಗ ಗೋಡೆನೇ ಅದುರುತ್ತೆ. ನಾನು ಬೇಡ ಅನ್ನಲ್ಲಪ್ಪ, ಬಟ್ಟಲು ಬರುತ್ತಲ್ಲ!"

ಪೆಸ್ಟೊ ಅಕ್ಕನ ಕೈಯ ಸೌಟು ಪಾತ್ರೆಯೊಳಗೆ ಬಿತ್ತು. ಒರಳು ಇರುವುದು ತನ್ನ ಮನೆಯಲ್ಲಿ. ಮಗಳ ಮನೆಯಲ್ಲಿರುವುದು ಬರೀ ಮಿಕ್ಸಿ. ಮದುವೆಗೆ ತಾನೇ ಕೊಡಿಸಿದ್ದು. ಮಿಕ್ಸಿಗೆ ಗೋಡೆ ಅದುರುತ್ತದೆಯೇ? ಅವಳು ಮೇಲ್ವಿಚಾರಕನಿಗೆ ಹೇಳಲೂ ಇಲ್ಲ, ಏಪ್ರನ್ ಬಿಚ್ಚಲೂ ಇಲ್ಲ. ನೆಟ್ಟಗೆ ಹೊರಗೆ ನಡೆದು ಸಿಕ್ಕಿದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನ್ನ ತೊಡೆಗೆ ತಾನೇ ಗುದ್ದಿಕೊಳ್ಳುತ್ತಿದ್ದಳು; ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಬಾಗಿಲು ತೆಗೆದವನು ಅಳಿಯ. ಮಧ್ಯಾಹ್ನದ ಊಟಕ್ಕೆ ಬಂದಿದ್ದ. "ಬನ್ನಿ ಅತ್ತೆ, ಏನು ಇದ್ದಕ್ಕಿದ್ದ ಹಾಗೆ" ಎಂದು ಅದೇ ಮೆತ್ತನೆ ದನಿ. ಅವಳು ಅವನನ್ನು ಸರಿಸಿಕೊಂಡು ಅಡುಗೆಮನೆಗೆ ಹೋದಳು. ಮಗಳು ಬೆನ್ನು ತಿರುಗಿಸಿ ನಿಂತಿದ್ದಳು, ಸೆಕೆಯಲ್ಲೂ ಉದ್ದ ತೋಳಿನ ಅಂಗಿ. ತಾಯಿ ತೋಳು ಮೇಲೆ ಸರಿಸಿದಳು. ಮೊಣಕೈಯಿಂದ ಭುಜದವರೆಗೆ ಹಳೆಯದು ಹಳದಿ, ಹೊಸದು ನೇರಳೆ. ಒಂದು ಕಡೆ ಅಚ್ಚುಕಟ್ಟಾಗಿ ಹತ್ತಿಯಿಟ್ಟು ಪಟ್ಟಿ ಅಂಟಿಸಿತ್ತು. ಔಷಧಿ ಅಂಗಡಿಯವನ ಕೈಕೆಲಸ. ತಾನೇ ಗಾಯ ಮಾಡಿ ತಾನೇ ಮುಲಾಮು ತರುತ್ತಿದ್ದ.

"ಯಾವಾಗಿಂದ ಪುಟ್ಟಿ?"

"ನೀನು ಅಂಗಿ ಮೇಲೆ ಚೆಲ್ಲಿದ್ಯಲ್ಲ, ಆ ಕಲೆ ಹೋಗ್ಲಿಲ್ಲ ಅಂತ ಮೊದಲನೇದು" ಎಂದಳು ಮಗಳು. ಅಳಲಿಲ್ಲ, ಊಟಕ್ಕೇನು ಎಂದು ಹೇಳುವ ಹಾಗೆ ಹೇಳಿದಳು.

ಪೆಸ್ಟೊ ಅಕ್ಕ ತಿರುಗಿದವಳೇ ಅಳಿಯನ ಕೆನ್ನೆಗೆ ಬಿಟ್ಟಳು ನೋಡಿ, ಅವನ ಕನ್ನಡಕ ಹಾರಿ ಪಾತ್ರೆ ತೊಳೆಯುವ ತೊಟ್ಟಿಗೆ ಬಿತ್ತು. ಅವನು ಅದನ್ನು ಎತ್ತಿಕೊಂಡು, ಒರೆಸಿ, ಹಾಕಿಕೊಂಡ. ಹೋಗಿ ಬಾಗಿಲು ಮುಚ್ಚಿ ಬಂದ. ಆಮೇಲೆ ಅತ್ತೆಯ ಕತ್ತು ಹಿಡಿದು ಬಾಗಿಲ ಚೌಕಟ್ಟಿಗೆ ಒಂದು ಸಲ ಗುದ್ದಿಸಿದ. ಒಂದೇ ಸಲ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಮಗಳು ಅವನ ತೋಳಿಗೆ ಜೋತುಬಿದ್ದಳು. ಅವಳನ್ನು ಝಾಡಿಸಿದ ರಭಸಕ್ಕೆ ಅವಳು ಪಾತ್ರೆಗಳ ಸಮೇತ ನೆಲಕ್ಕುರುಳಿದಳು. "ನೋಡಿ ಅತ್ತೆ, ಮನೆ ವಿಷಯ ಮನೇಲೇ ಇರ್ಬೇಕು. ನಿಮಗೆ ನಾನು ಹೇಳಿಕೊಡಬೇಕಾ?" ಎಂದು ಅಳಿಯ ಹತ್ತಿಯ ಉಂಡೆ ತಂದು ಅತ್ತೆಯ ಕೈಗೆ ಕೊಟ್ಟ.

ಆಗ ಹೊರಗಿನಿಂದ ಮಾಲೀಕ ತಾತನ ದನಿ. ಅವನೂ ಅದೇ ತಾನೇ ಮನೆ ಸೇರಿದ್ದ. "ಏನಮ್ಮಾ, ಇವತ್ತೂ ಪೆಸ್ಟೊನಾ?"

ನೆಲದ ಮೇಲಿಂದಲೇ ಮಗಳು ನಕ್ಕಳು. "ಹೌದು ತಾತಾ, ಆಮೇಲೆ ಕಳಿಸ್ತೀನಿ."

ಅಯ್ಯೋ ಆ ನಗು! ಪೆಸ್ಟೊ ಅಕ್ಕ ಇಷ್ಟು ವರ್ಷ ಏಟು ತಿಂದಿದ್ದರೂ ಅಷ್ಟು ನೋವಾಗಿರಲಿಲ್ಲ. ಅದು ಅವಳದೇ ನಗು, ಬಾಗಿಲನ್ನು ಗೇಣಗಲ ತೆರೆದು ನಗುತ್ತಿದ್ದ ನಗು. ಅವಳು ಮಗಳನ್ನು ಎಬ್ಬಿಸಿ, "ನಡಿ, ಈಗಲೇ ನಮ್ಮನೆಗೆ ಹೋಗೋಣ" ಎಂದಳು.

"ಯಾವ ಮನೆಗಮ್ಮ? ಅಪ್ಪನ ಮನೆಗಾ?" ಮಗಳು ಕೈ ಬಿಡಿಸಿಕೊಂಡಳು. ಅಳಿಯ ಅಲ್ಲೇ ಗೋಡೆಗೊರಗಿ ಕೇಳುತ್ತಿದ್ದ. "ಅಲ್ಲಿ ಹೋಗಿ ಮತ್ತೆ ಒರಳ ಮುಂದೆ ಕೂರ್ಲಾ? ನಾನು ಕುಟ್ಟೋದು ನಿಲ್ಲಿಸಿದ್ರೆ ನಿನ್ನ ಕೂಗು ಕೇಳುತ್ತೆ, ಕೇಳಿದ್ರೆ ಯಾರಾದ್ರೂ ಬರ್ತಾರೆ ಅಂತ ನನಗೆ ಆಗಲೇ ಗೊತ್ತಿತ್ತು. ಆದ್ರೂ ಕುಟ್ಟಿದೆ. ಯಾಕೆ? ನೀನು ಕುಟ್ಟು ಅಂದ್ಯಲ್ಲ. ಮೊದಲು ನೀನು ಹೊರಗೆ ಬಾಮ್ಮ. ಆಮೇಲೆ ನನ್ನ ಕರಿ."

ಅಳಿಯ ಬಾಗಿಲು ತೆಗೆದು ಹಿಡಿದ. ಅವಳು ಹುಬ್ಬಿಗೆ ಹತ್ತಿ ಒತ್ತಿಕೊಂಡು ಮೆಟ್ಟಿಲಿಳಿದಳು. ಬೀದಿಗೆ ಬಂದ ಮೇಲೆ ಮೇಲೆ ನೋಡಿದಳು. ಕಿಟಕಿ ಮುಚ್ಚಿತು. ತಾನು ಕೈ ಮಾಡಿದ್ದಕ್ಕೆ, ತಾನು ಬಂದದ್ದಕ್ಕೆ, ಇವತ್ತು ಸಂಜೆ ಅವನು ಅಂಗಡಿಯಿಂದ ಬಂದ ಮೇಲೆ ಮಗಳಿಂದ ಬಡ್ಡಿ ಸಮೇತ ವಸೂಲಿ ಮಾಡುತ್ತಾನೆ. ಇದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟರೊಳಗೆ ಕರೆದುಕೊಂಡು ಬರಲು ಒಂದು ಮನೆ ಬೇಕು. ಮನೆ ಇದೆ, ಕ್ಯಾಂಟೀನಿನ ಸಂಬಳದಿಂದ ಅವಳೇ ಬಾಡಿಗೆ ಕಟ್ಟುತ್ತಿದ್ದ ಮನೆ. ಅದರಲ್ಲಿ ಗಂಡನಿರಬಾರದು, ಅಷ್ಟೇ.

ಮನೆಗೆ ಬಂದಾಗ ಗಂಡ ಬೆಳಗಿನ ಪಾಳಿ ಮುಗಿಸಿ ಕೂತಿದ್ದ. "ಮುಖ ಏನು ಹೀಗಿದೆ? ಎಲ್ಲಿ ತಿರುಗೋಕೆ ಹೋಗಿದ್ದೆ? ಹೊಟ್ಟೆ ಹಸೀತಿದೆ" ಎಂದ. ಅವಳು ನೀರು ಕಾಯಿಸಲಿಟ್ಟಳು. ಇದು ಅವಳ ಸ್ವಭಾವ, ಎಂಥ ಗಾಬರಿಯಲ್ಲೂ ಕೈ ತನ್ನ ಕೆಲಸ ಹಿಡಿಯುತ್ತಿತ್ತು. ಪಾಸ್ತಾ ಬೆಂದಿತು, ಬಟಾಣಿ ಬೆಂದಿತು. ಅವನು ಕಿಟಕಿಯ ಬಳಿ ಕೂತು ಫೋನು ನೋಡುತ್ತಿದ್ದ. ಪಾಸ್ತಾ ಬಟಾಣಿ ಬಸಿದು, ತೂತಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಅವಳು ಹೋಗಿ ಮುಂಬಾಗಿಲನ್ನು ಪೂರ್ತಿ ತೆರೆದಳು. ಮತ್ತೆ ಮುಚ್ಚಿಕೊಳ್ಳದ ಹಾಗೆ ಒರಳನ್ನು ಉರುಳಿಸಿಕೊಂಡು ಹೋಗಿ ಬಾಗಿಲಿಗೆ ಒತ್ತಿಟ್ಟಳು.

"ಇದೇನು ನಾಟಕ?" ಎಂದ ಅವನು.

"ರೀ, ಮಗಳು ಬರ್ತಾಳೆ. ಅವಳ ಗಂಡ ಅವಳನ್ನ ಹೊಡೀತಾನೆ. ನೀವು ಈಗಲೇ ಮನೆ ಬಿಡಿ."

"ಹೊಡೆದ್ರೆ ಏನಾಯ್ತು? ಏನೋ ಮಾಡಿರ್ತಾಳೆ. ಬಾಗಿಲು ಹಾಕು."

"ಹಾಕಲ್ಲ."

ಇಷ್ಟು ವರ್ಷದಲ್ಲಿ ಅವನು ಆ ಪದ ಕೇಳಿರಲಿಲ್ಲ. ವಾಚು ಬಿಚ್ಚಲೂ ಮರೆತ. ಎದ್ದುಬಂದವನೇ ಒಡೆದ ಹುಬ್ಬಿನ ಮೇಲೇ ಹೊಡೆದ. ಅವಳು ಬಿದ್ದಳು, ಎದ್ದಳು. ಹೊಟ್ಟೆಗೆ ಗುದ್ದಿದ. ಅವಳು ಕೂಗಿದಳು. ಬರಿ ನೋವಿಗಲ್ಲ, ಮಾತಲ್ಲಿ ಕೂಗಿದಳು: "ಕೇಳ್ರೀ ಎಲ್ರೂ! ಪೆಸ್ಟೊ ಅಲ್ಲ ಇದು! ನನ್ನ ಗಂಡ ನನ್ನ ಹೊಡೀತಿದ್ದಾನೆ!" ಅವನು ಅವಳ ಬಾಯಿ ಮುಚ್ಚಲು ಬಂದ. ಅವಳು ಆ ಅಂಗೈಯನ್ನು ಹಲ್ಲೂರಿ ಕಚ್ಚಿದಳು, ಎಲುಬು ಸಿಗುವ ತನಕ ಬಿಡಲಿಲ್ಲ. ಅವನು ಕಿರುಚಿ ಹಿಂದಕ್ಕೆ ಎಳೆದುಕೊಂಡ ಏಟಿಗೆ ಮೇಜು ವಾಲಿ, ತೂತಿನ ಪಾತ್ರೆ ಮಗುಚಿ, ಬಿಸಿಬಿಸಿ ಪಾಸ್ತಾ ಬಟಾಣಿಯೆಲ್ಲ ನೆಲದ ತುಂಬ ಹರಡಿತು. ಮತ್ತೆ ಅವಳ ಮೇಲೆ ನುಗ್ಗಿದ. ಬೆಂದ ಬಟಾಣಿಯ ಮೇಲೆ ಹೆಜ್ಜೆಯಿಟ್ಟ. ಎರಡೂ ಕಾಲು ಆಕಾಶಕ್ಕೆ ಹೋಗಿ ಧೊಪ್ಪನೆ ಬಿದ್ದ. ಊರಿದ ಕೈ ಲಟಕ್ ಎಂದಿತು. ಬಿದ್ದವರನ್ನು ನೋಡಿ ನಗಬಾರದಂತೆ. ನಾನು ನಗುತ್ತೇನೆ, ನೀವು ಬೇಕಾದರೆ ಬಿಡಿ.

ಅಷ್ಟರಲ್ಲಿ ಬಾಗಿಲಲ್ಲಿ ಜನ. ಮುಂದೆ ನಿಂತವಳು ಟೈಲರಮ್ಮ, ಕೈಯಲ್ಲಿ ಬಟ್ಟೆ ಅಳೆಯುವ ಮರದ ಕೋಲು. ಅವನು ಸರಿಯಿದ್ದ ಕೈ ಊರಿ ಏಳಲು ನೋಡಿದಾಗ ಅವಳು ಭುಜದ ಮೇಲೆ ಫಟೀರ್ ಎಂದು ಬಿಟ್ಟಳು, ಕೋಲು ಎರಡು ತುಂಡಾಯಿತು. ಅವನು ಮುಖ ಎತ್ತಿ ನೋಡಿದ. ಇಡೀ ಕಟ್ಟಡ ನೋಡುತ್ತಿತ್ತು. ಲಿಫ್ಟಿನಿಂದ ಯಾರನ್ನೆಲ್ಲ ಕೈಹಿಡಿದು ಇಳಿಸಿದ್ದನೋ ಅವರೆಲ್ಲ. ಅವನ ಮುಖದ ರಂಗು ಇಳಿಯಿತು. "ಕೈ ಮುರಿದಿದೆ, ಯಾರಾದ್ರೂ ಆಸ್ಪತ್ರೆಗೆ..." ಎಂದ. ಎದುರು ಮನೆಯವನು ತೋಳು ಹಿಡಿದು ಎಬ್ಬಿಸಿ ಕೆಳಗೆ ಕರೆದೊಯ್ದ. ಪೆಸ್ಟೊ ಅಕ್ಕ ಅವನ ಬಟ್ಟೆಯನ್ನು ಚೀಲಕ್ಕೆ ತುರುಕಿ ಮೆಟ್ಟಿಲ ಮೇಲೆ ಎಸೆದು, "ಹಾಗೇ ನಿನ್ನ ಅಣ್ಣನ ಮನೆಗೆ ಹೋಗು. ಇಲ್ಲಿಗೆ ಬರ್ಬೇಡ" ಎಂದಳು. ಬಾಯಲ್ಲಿ 'ರೀ' ಹೋಗಿ 'ನೀನು' ಬಂದದ್ದು ಅವಳಿಗೂ ಗೊತ್ತಾಗಲಿಲ್ಲ.

ಟೈಲರಮ್ಮ ಅವಳನ್ನು ಕೂರಿಸಿ ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದಳು. "ಗೊತ್ತಿತ್ತಕ್ಕ" ಎಂದಳು ತಲೆ ತಗ್ಗಿಸಿ. "ಮೊದಲನೇ ದಿನವೇ ಗೊತ್ತಿತ್ತು. ಕೇಳಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಸುಮ್ಮನಿದ್ದೆ. ಸದ್ದು ಕೇಳಿದ್ರೆ ನಾನೂ ಮೆಷಿನ್ ಜೋರಾಗಿ ತುಳೀತಿದ್ದೆ."

ಪೆಸ್ಟೊ ಅಕ್ಕ ಅವಳನ್ನು ದುರುಗುಟ್ಟಿ ನೋಡಿದಳು. ಬಯ್ಯಬೇಕು ಅನ್ನಿಸಿತು, ಬಟ್ಟಲು ಬಟ್ಟಲು ನುಂಗಿದ್ದೆಯಲ್ಲೇ ಎಂದು ಜುಟ್ಟು ಹಿಡಿಯಬೇಕು ಅನ್ನಿಸಿತು. ಆದರೆ ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. "ಆ ಮಾತು ಆಮೇಲೆ. ಈಗ ನನ್ನ ಜೊತೆ ಬನ್ನಿ" ಎಂದು ಎದ್ದಳು.

ಅವರು ತಲುಪುವ ಹೊತ್ತಿಗೆ ಅಳಿಯ ಅಂಗಡಿಯಿಂದ ಬಂದಾಗಿತ್ತು. ನಾಲ್ಕನೇ ಮಹಡಿಯ ಆ ಬಾಗಿಲ ಹಿಂದೆ ಏನೋ ಒಡೆದ ಸದ್ದು, ಮಗಳ ಕೂಗು, ಮತ್ತೆ ಸದ್ದು. ಪೆಸ್ಟೊ ಅಕ್ಕ ಎರಡೂ ಮುಷ್ಟಿಯಲ್ಲಿ ಬಾಗಿಲು ಗುದ್ದಿದಳು, ಟೈಲರಮ್ಮ ಕಾಲಲ್ಲಿ ಒದ್ದಳು. ಒಳಗೆ ಎಲ್ಲ ಸ್ತಬ್ಧವಾಯಿತು. ಬಾಗಿಲು ತೆಗೆದವಳು ಮಗಳು, ಗೇಣಗಲ. ಮೂಗಿನಿಂದ ರಕ್ತ ಸೋರುತ್ತಿತ್ತು. ನಗಲು ತುಟಿ ಅರ್ಧ ಬಿಚ್ಚಿದವಳು ತಾಯಿಯ ಮುಖ ನೋಡಿ ನಿಂತಳು. ಮಧ್ಯಾಹ್ನ ಹುಬ್ಬೊಂದೇ ಒಡೆದಿತ್ತು. ಈಗ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ತುಟಿ ಬಾತಿತ್ತು. ತಾಯಿ ಒಂದನ್ನೂ ಮುಚ್ಚಿಕೊಂಡಿರಲಿಲ್ಲ.

"ಅಪ್ಪ?" ಎಂದಳು ಮಗಳು.

"ಹೋದ್ರು. ಬಾಗಿಲು ತೆಗೆದಿಟ್ಟೇ ಹೊಡೆಸ್ಕೊಂಡೆ. ಎಲ್ರೂ ನೋಡಿದ್ರು."

ಮಗಳ ಹಿಂದೆ ಅಳಿಯ ಕಾಣಿಸಿಕೊಂಡ. ಅವಳ ಭುಜದ ಮೇಲೆ ಕೈಯಿಟ್ಟು, "ಏನಿಲ್ಲ ಅತ್ತೆ, ಕಾಲು ಜಾರಿ ಬಿದ್ಲು" ಎಂದ. ಎದುರಿನ ಬಾಗಿಲು ತೆರೆದು ಮಾಲೀಕ ತಾತ ಇಣುಕಿದ. "ಏನಮ್ಮ, ಪೆಸ್ಟೊ..." ಎಂದವನು ಎರಡು ಮುಖಗಳನ್ನೂ ನೋಡಿ ಅಲ್ಲಿಗೇ ನಿಲ್ಲಿಸಿದ.

ಮಗಳು ಭುಜದ ಮೇಲಿನ ಕೈಯನ್ನು ತೆಗೆದು ಕೆಳಗಿಟ್ಟಳು. "ಪೆಸ್ಟೊ ಅಲ್ಲ ತಾತ. ಇವರು ನನ್ನ ಹೊಡೀತಾರೆ" ಎಂದಳು.

"ಛೆ, ತಮಾಷೆ ಮಾಡ್ತಾಳೆ" ಎಂದು ಅಳಿಯ ನಕ್ಕ. ತಾತ ನಗಲಿಲ್ಲ. ಮಗಳು ಬರಿಗಾಲಲ್ಲೇ ಹೊಸ್ತಿಲು ದಾಟಿದಳು. ಅವನು ಜಡೆ ಹಿಡಿದು ಹಿಂದಕ್ಕೆ ಜಗ್ಗಿದ. ಟೈಲರಮ್ಮನೂ ತಾತನೂ ಅವನ ಕೈಯ ಮೇಲೆ ಒಟ್ಟಿಗೆ ಬಿದ್ದರು. ತಾತನ ಊರುಗೋಲು ಅವನ ಮೊಣಕಾಲಿಗೆ ಸರಿಯಾಗಿ ತಗುಲಿತು. ಜಡೆ ಬಿಡಿಸಿಕೊಂಡವಳು ಮೆಟ್ಟಿಲಿಗೆ ಬಂದಳು.

ಓಡಿಹೋಗುತ್ತಾಳೆ ಎಂದುಕೊಂಡಿದ್ದಳು ತಾಯಿ. ಓಡಲಿಲ್ಲ. ಮೂರನೇ ಮಹಡಿಗೆ ಇಳಿದು ಮೊದಲ ಬಾಗಿಲನ್ನು ತಟ್ಟಿದಳು. ಹೆಂಗಸೊಬ್ಬಳು ತೆಗೆದಳು. "ಆಂಟಿ, ನಾನು ನಿಮಗೆ ಪೆಸ್ಟೊ ಕಳಿಸ್ತಿದ್ನಲ್ಲ, ಅದು ಅವರು ನನ್ನ ಹೊಡೆದ ದಿನ" ಎಂದಳು. ಆ ಹೆಂಗಸು ಬಾಯಿ ಬಿಟ್ಟುಕೊಂಡು ನಿಂತಿರುವಾಗಲೇ ಪಕ್ಕದ ಬಾಗಿಲು ತಟ್ಟಿ ಅಲ್ಲೂ ಅದನ್ನೇ ಹೇಳಿದಳು, ಇನ್ನೂ ಗಟ್ಟಿಯಾಗಿ. ಮೂಗಿನ ರಕ್ತ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಎರಡನೇ ಮಹಡಿಗೆ ಇಳಿದಳು.

ಪೆಸ್ಟೊ ಅಕ್ಕನ ನಾಲಿಗೆಯ ತುದಿಗೆ ಆ ಹಾಳು ಮಾತು ಬಂದೇ ಬಂತು. ಸಾಕು ಬಾ ಪುಟ್ಟಿ, ಜನ ಏನಂದ್ಕೋತಾರೆ. ಮಗಳ ತೋಳು ಹಿಡಿಯಲು ಕೈಯೂ ಚಾಚಿತು. ಮಗಳು ತಿರುಗಿ ನೋಡಿದಳು, ಕಾಯ್ದಳು.

ತಾಯಿ ಕೈ ಹಿಂದಕ್ಕೆ ತೆಗೆದುಕೊಂಡಳು. "ಈ ಮನೆಗೂ ಕಳಿಸ್ತಿದ್ಯಾ?" ಎಂದು ಎದುರಿನ ಬಾಗಿಲು ತೋರಿಸಿದಳು.

"ಹೂಂ" ಎಂದಳು ಮಗಳು.

ಪೆಸ್ಟೊ ಅಕ್ಕ ಹೋಗಿ ಆ ಬಾಗಿಲು ತಟ್ಟಿದಳು.